ಟೇಬಲ್‌ನ ಸಾಲುಗಳಿಗೆ ಹೊಸ ನಂಬರ್, ಹೊಸ ಕ್ರಮ: ಡೇಟಾಬೇಸ್ ಕೆಡಿಸದೆ ಮಾಡುವ ಬಗೆ

"ಮೂರು ಆದಮೇಲೆ ಸೀದಾ ಏಳಕ್ಕೆ ಹಾರಿದೆಯಲ್ಲ, ಮಧ್ಯದ ನಂಬರ್ ಎಲ್ಲಿ ಹೋಯ್ತು? ಸ್ವಲ್ಪ ಸರಿ ಮಾಡಿಕೊಡಿ." ಡೇಟಾಬೇಸ್ ನೋಡಿಕೊಳ್ಳುವವರಿಗೆ ಇಂಥ ಕೋರಿಕೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕೇಳುವವರ ತಪ್ಪೇನಿಲ್ಲ. ಎಕ್ಸೆಲ್‌ನಲ್ಲಿ ಒಂದು ಸಾಲು ಅಳಿಸಿದರೆ ಕ್ರಮಸಂಖ್ಯೆಯನ್ನು ಮೇಲಿಂದ ಕೆಳಕ್ಕೆ ಎಳೆದರೆ ಮುಗೀತು. ಡೇಟಾಬೇಸ್‌ನಲ್ಲೂ ಹಾಗೇ ಇರಬೇಕು ಅಂದುಕೊಳ್ಳುವುದು ಸಹಜ. ಆದರೆ ಇಲ್ಲಿ ಆ ನಂಬರ್ ಹಿಡಿದುಕೊಂಡು ಬೇರೆ ಹತ್ತು ಟೇಬಲ್‌ಗಳು ನೇತಾಡುತ್ತಿರುತ್ತವೆ.

ಈ ಬರಹದುದ್ದಕ್ಕೂ ಒಂದು ಶಾಲೆಯ ಡೇಟಾಬೇಸ್ ಇಟ್ಟುಕೊಳ್ಳೋಣ. ಮುಖ್ಯ ಟೇಬಲ್ ಹೆಸರು ಮಕ್ಕಳು. ಅದರಲ್ಲಿ ಐಡಿ, ಹೆಸರು, ತರಗತಿ, ವಿಭಾಗ, ರೋಲ್ ಎಂಬ ಕಾಲಂಗಳಿವೆ. ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ಆಜ್ಞೆಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಸೆಲೆಕ್ಟ್, ಅಪ್‌ಡೇಟ್ ಮುಂತಾದ ಪದಗಳನ್ನು ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಟೇಬಲ್ ಮತ್ತು ಕಾಲಂ ಹೆಸರುಗಳು ಮಾತ್ರ ಕನ್ನಡದಲ್ಲಿದ್ದರೂ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ಎರಡೂ ಡೇಟಾಬೇಸ್ ತಂತ್ರಾಂಶಗಳು ತಕರಾರಿಲ್ಲದೆ ಒಪ್ಪುತ್ತವೆ.

ಟೇಬಲ್‌ಗೆ ತನ್ನದೇ ಕ್ರಮ ಅಂತ ಇಲ್ಲ

ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿಯನ್ನು ಮುಂದಿಟ್ಟಾಗ, ಆಗಿನ ವ್ಯವಸ್ಥೆಗಳ ಕಾಯಿಲೆಗಳಲ್ಲಿ ಒಂದು ಎಂದು ಹೆಸರಿಸಿದ್ದೇ ಕ್ರಮದ ಮೇಲಿನ ಅವಲಂಬನೆಯನ್ನು. ದಾಖಲೆಗಳು ಡಿಸ್ಕ್‌ನಲ್ಲಿ ಯಾವ ಸಾಲಿನಲ್ಲಿ ಕೂತಿವೆ ಎಂಬುದನ್ನು ಪ್ರೋಗ್ರಾಮ್ ನಂಬಿಕೊಂಡಿರಬಾರದು ಎಂಬುದು ಅವರ ವಾದ. ಆ ಮಾದರಿಯಲ್ಲಿ ಟೇಬಲ್ ಅಂದರೆ ಸಾಲುಗಳ ಒಂದು ಗಣ. ಗಣಕ್ಕೆ ಮೊದಲು, ಕೊನೆ ಅಂತ ಇರುವುದಿಲ್ಲ.

ಹಾಗಾಗಿ ಆರ್ಡರ್ ಬೈ (ಯಾವುದರ ಪ್ರಕಾರ ಜೋಡಿಸಬೇಕು ಎಂಬ ಸೂಚನೆ) ಬರೆಯದೆ ಸೆಲೆಕ್ಟ್ ಮಾಡಿದರೆ, ಅಂದರೆ ಸಾಲುಗಳನ್ನು ಓದಿದರೆ, ಯಾವ ಕ್ರಮದಲ್ಲಿ ಬರುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. "ಇಷ್ಟು ದಿನ ಐಡಿ ಪ್ರಕಾರವೇ ಬರ್ತಿತ್ತು" ಅನ್ನುತ್ತೀರಾ? ಬರುತ್ತಿದ್ದಿರಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ಅಪ್‌ಡೇಟ್ ಮಾಡಿ ನೋಡಿ. ಅದು ಹಳೆಯ ಸಾಲನ್ನು ಇದ್ದಲ್ಲೇ ತಿದ್ದುವುದಿಲ್ಲ, ಹೊಸ ಪ್ರತಿ ಬರೆಯುತ್ತದೆ. ಮುಂದಿನ ಸೆಲೆಕ್ಟ್‌ನಲ್ಲಿ ಆ ಮಗುವಿನ ಹೆಸರು ಪಟ್ಟಿಯ ತುದಿಗೆ ಹೋಗಿ ಕೂತಿರಬಹುದು. ಯಾರೂ ಕ್ರಮ ಬದಲಿಸಿಲ್ಲ, ಫೋನ್ ನಂಬರ್ ಮಾತ್ರ ತಿದ್ದಿದ್ದಾರೆ.

ಸಾಲುಗಳನ್ನು ಡಿಸ್ಕ್‌ನಲ್ಲೇ ಜೋಡಿಸಿಡುವ ಆಜ್ಞೆಗಳೂ ಇವೆ. ಪೋಸ್ಟ್‌ಗ್ರೆಸ್‌ನಲ್ಲಿ ಕ್ಲಸ್ಟರ್ ಇದೆ. ಆದರೆ ಅದು ಒಂದು ಸಲದ ಕೆಲಸ, ಆಮೇಲೆ ಬಂದ ಸಾಲುಗಳಿಗೆ ಅನ್ವಯಿಸುವುದಿಲ್ಲ, ಮಾಡುವಷ್ಟು ಹೊತ್ತು ಟೇಬಲ್ ಪೂರ್ತಿ ಲಾಕ್ ಆಗಿರುತ್ತದೆ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಬ ಡೇಟಾ ಉಗ್ರಾಣದಲ್ಲಿ ಸಾಲುಗಳು ಹೇಗೂ ಪ್ರೈಮರಿ ಕೀ (ಸಾಲನ್ನು ಗುರುತಿಸುವ ಕಾಲಂ, ಇಲ್ಲಿ ಐಡಿ) ಪ್ರಕಾರವೇ ಕೂರುತ್ತವೆ. ಇವೆಲ್ಲ ವೇಗಕ್ಕಾಗಿ ಇರುವ ಸೌಲಭ್ಯಗಳು. ಪಟ್ಟಿ ಹೇಗೆ ಕಾಣಬೇಕು ಎಂಬುದಕ್ಕೆ ಇರುವ ದಾರಿ ಒಂದೇ: ಒಂದು ಕಾಲಂ, ಅದರ ಮೇಲೆ ಆರ್ಡರ್ ಬೈ.

ನಂಬರ್ ಯಾಕೆ ಹಾರುತ್ತದೆ

ಸಾಲು ಅಳಿಸಿದರೆ ಖಾಲಿ ಜಾಗ ಉಳಿಯುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಯಾರೂ ಏನೂ ಅಳಿಸದೆ ನಂಬರ್ ಹಾರುವುದೂ ಉಂಟು. ತಾನಾಗೇ ಮುಂದಿನ ನಂಬರ್ ಕೊಡುವ ಆಟೋ ಇನ್‌ಕ್ರಿಮೆಂಟ್ ಆಗಲಿ, ಸೀಕ್ವೆನ್ಸ್ ಆಗಲಿ, ಕೊಟ್ಟ ನಂಬರನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಇನ್ಸರ್ಟ್ (ಸಾಲು ಸೇರಿಸುವುದು) ವಿಫಲವಾಯಿತು, ರೋಲ್‌ಬ್ಯಾಕ್ ಆಯಿತು, ಅಂದರೆ ಮಾಡಿದ್ದೆಲ್ಲ ರದ್ದಾಯಿತು ಅಂದುಕೊಳ್ಳಿ. ಸಾಲು ಹೋಗುತ್ತದೆ, ನಂಬರ್ ಖರ್ಚಾಗಿಯೇ ಇರುತ್ತದೆ. ಇದು ಬೇಕೆಂದೇ ಮಾಡಿದ್ದು. ವಾಪಸ್ ತೆಗೆದುಕೊಳ್ಳಬೇಕಾದರೆ ಒಬ್ಬರ ಕೆಲಸ ಮುಗಿಯುವ ತನಕ ಇನ್ನೊಬ್ಬರು ಕಾಯಬೇಕಾಗುತ್ತಿತ್ತು. ಮೈಎಸ್‌ಕ್ಯೂಎಲ್‌ನಲ್ಲಿ ಇನ್ಸರ್ಟ್ ಇಗ್ನೋರ್ ಬಳಸಿದರೂ ಹೀಗೆ ನಂಬರ್ ಸೋರುತ್ತದೆ. ಎಸ್‌ಕ್ಯೂಎಲ್ ಸರ್ವರ್ ಇದ್ದಕ್ಕಿದ್ದಂತೆ ನಿಂತು ಮತ್ತೆ ಶುರುವಾದರೆ ಐಡೆಂಟಿಟಿ ಕಾಲಂ 1000ದಷ್ಟು ಮುಂದಕ್ಕೆ ನೆಗೆಯುವುದನ್ನು ತುಂಬ ಜನ ನೋಡಿ ಗಾಬರಿಯಾಗಿದ್ದಾರೆ. ಮೊದಲೇ ತೆಗೆದಿಟ್ಟುಕೊಂಡಿದ್ದ ನಂಬರ್‌ಗಳ ಕಟ್ಟು ಕಳೆದುಹೋಗಿರುತ್ತದೆ, ಅಷ್ಟೇ.

ನಂಬರ್ ಮುಗಿದುಹೋಗುತ್ತದೆ ಎಂಬ ಭಯವೂ ಬೇಡ. ಸಾಮಾನ್ಯ ಇಂಟಿಜರ್ ಕಾಲಂ 2,14,74,83,647ರವರೆಗೆ ಹೋಗುತ್ತದೆ. ಅದೂ ಸಾಲದಿದ್ದರೆ ಬಿಗ್‌ಇಂಟ್ ಇದೆ.

ಮೊದಲ ಹೆಜ್ಜೆ: ಇದು ಯಾವ ಜಾತಿಯ ನಂಬರ್?

ಆಜ್ಞೆ ಬರೆಯುವ ಮೊದಲು ಇದನ್ನು ಕೇಳಿಕೊಳ್ಳಿ. ಯಾವುದೇ ಶಾಲೆಯಲ್ಲಿ ಮಗುವಿಗೆ ಎರಡು ನಂಬರ್ ಇರುತ್ತವೆ. ದಾಖಲಾತಿ ಪುಸ್ತಕದ ನಂಬರ್ ಸೇರಿದ ದಿನ ಕೊಟ್ಟಿದ್ದು. ಮಗು ಶಾಲೆ ಬಿಟ್ಟರೂ ಅದನ್ನು ಬೇರೆಯವರಿಗೆ ಕೊಡುವುದಿಲ್ಲ. ಟಿ.ಸಿ. ಮೇಲೆ ಅದೇ ಇರುತ್ತದೆ, ಇಪ್ಪತ್ತು ವರ್ಷ ಬಿಟ್ಟು ಬಂದು ಕೇಳಿದರೂ ಅದರ ಮೇಲೇ ಹುಡುಕುತ್ತಾರೆ. ಹಾಜರಿ ಪುಸ್ತಕದ ರೋಲ್ ನಂಬರ್ ಹಾಗಲ್ಲ. ಪ್ರತಿ ವರ್ಷ ತರಗತಿ ಬದಲಾದಾಗ ಹೊಸದಾಗಿ ಬರೆಯುತ್ತಾರೆ.

ಡೇಟಾಬೇಸ್‌ನ ಐಡಿ ಕೂಡ ದಾಖಲಾತಿ ನಂಬರ್ ಇದ್ದ ಹಾಗೆ. ಅದನ್ನು ಮುಟ್ಟಬೇಡಿ. ಕ್ರಮ ಬೇಕಾದರೆ ಅದಕ್ಕೇ ಬೇರೆ ಕಾಲಂ ಇಡಿ, ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಿ. "ನಂಬರ್ ಸರಿ ಮಾಡಿಕೊಡಿ" ಎಂಬ ಕೋರಿಕೆಗಳಲ್ಲಿ ಬಹುಪಾಲು ಇಲ್ಲೇ ಬಗೆಹರಿಯುತ್ತವೆ. ಐಡಿಯನ್ನು ಪರದೆಯ ಮೇಲೆ ತೋರಿಸುವುದನ್ನು ನಿಲ್ಲಿಸಿದರೆ ಯಾರೂ ಹಾರಿದ ನಂಬರ್ ಬಗ್ಗೆ ಕೇಳುವುದಿಲ್ಲ. ಮೂರನೆಯ ಜಾತಿಯೂ ಒಂದಿದೆ, ಬಿಲ್ ನಂಬರ್ ತರಹದ್ದು. ಅದಕ್ಕೆ ಕಾನೂನಿನ ಕಟ್ಟುಪಾಡು ಇರುತ್ತದೆ. ಕೊನೆಯಲ್ಲಿ ಅದಕ್ಕೆ ಬರುತ್ತೇನೆ.

ಎರಡನೇ ಹೆಜ್ಜೆ: ಬರೀ ತೋರಿಸಲಿಕ್ಕೋ, ಬರೆದಿಡಲಿಕ್ಕೋ?

ಪಟ್ಟಿಯ ಎಡಗಡೆ 1, 2, 3 ಅಂತ ಕಂಡರೆ ಸಾಕು ಅನ್ನುವುದಾದರೆ ಏನನ್ನೂ ಅಪ್‌ಡೇಟ್ ಮಾಡಬೇಡಿ. ಓದುವಾಗಲೇ ಎಣಿಸಿ:

ಸೆಲೆಕ್ಟ್ ರೋ_ನಂಬರ್() ಓವರ್ (ಆರ್ಡರ್ ಬೈ ಹೆಸರು, ಐಡಿ) ಆ್ಯಸ್ ಕ್ರಸಂ, ಹೆಸರು
ಫ್ರಮ್ ಮಕ್ಕಳು
ಆರ್ಡರ್ ಬೈ ಹೆಸರು, ಐಡಿ;

ಇಂಥ ವಿಂಡೋ ಫಂಕ್ಷನ್ ಪೋಸ್ಟ್‌ಗ್ರೆಸ್‌ನಲ್ಲಿ 8.4ರಿಂದ, ಮೈಎಸ್‌ಕ್ಯೂಎಲ್‌ನಲ್ಲಿ 8.0ರಿಂದ, ಎಸ್‌ಕ್ಯೂಲೈಟ್‌ನಲ್ಲಿ 3.25ರಿಂದ ಇದೆ. ಹೆಸರಿನ ಪಕ್ಕ ಐಡಿ ಯಾಕೆ ಹಾಕಿದೆ? ಒಂದೇ ತರಗತಿಯಲ್ಲಿ ಎರಡು ಸುಮಾ ಇದ್ದರೆ ಯಾರು ಮೊದಲು ಎಂದು ಡೇಟಾಬೇಸ್‌ಗೆ ಗೊತ್ತಾಗಬೇಕು. ಹೇಳದಿದ್ದರೆ ಇವತ್ತು ಒಬ್ಬಳು ಮೊದಲು, ನಾಳೆ ಇನ್ನೊಬ್ಬಳು ಮೊದಲು ಬರಬಹುದು. ಕೊನೆಗೊಂದು ಐಡಿ ಸೇರಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ.

ರೋಲ್ ನಂಬರ್ ಮಾತ್ರ ಬರೆದಿಡಲೇಬೇಕಾದದ್ದು. ಆಗಸ್ಟ್‌ನಲ್ಲಿ ಹೊಸ ಮಗು ಸೇರಿದರೆ ಉಳಿದವರ ನಂಬರ್ ಜರುಗಬಾರದು, ಅಲ್ವಾ?

ಮೂರನೇ ಹೆಜ್ಜೆ: ಕನ್ನಡ ಹೆಸರುಗಳನ್ನು ಜೋಡಿಸುವುದು

ನಂಬರ್ ಹಾಕುವ ಆಜ್ಞೆಗಿಂತ ಜಾಸ್ತಿ ಹೊತ್ತು ಹಿಡಿಯುವ ಕೆಲಸ ಇದೇ. ಕ್ರಮವೇ ತಪ್ಪಿದ್ದರೆ ಅದರ ಮೇಲೆ ಕೊಟ್ಟ ನಂಬರ್ ಇಟ್ಟುಕೊಂಡು ಏನು ಮಾಡುವುದು?

ಸಮಾಧಾನದ ಸಂಗತಿ ಏನೆಂದರೆ, ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳು ಹೆಚ್ಚುಕಮ್ಮಿ ವರ್ಣಮಾಲೆಯ ಸಾಲಿನಲ್ಲೇ ಕೂತಿವೆ. ಸುಮ್ನೆ ಆರ್ಡರ್ ಬೈ ಹೆಸರು ಅಂದರೂ ಅನಿಲ, ಉಮಾ, ಕವಿತಾ, ಮಹೇಶ ಸರಿಯಾಗೇ ಬರುತ್ತವೆ. ಎಡವುವುದು ಬೇರೆ ಕಡೆ.

ಮೊದಲನೆಯದು, ಕಣ್ಣಿಗೆ ಕಾಣದ ಅಕ್ಷರ. ರಾಜ್‌ಕಿರಣ್ ಎಂದು ಬರೆಯುವಾಗ ಕ ಒತ್ತಾಗದೆ ಬಿಡಿಯಾಗಿ ನಿಲ್ಲಲಿ ಅಂತ ನಡುವೆ ಒಂದು ಸೊನ್ನೆ ಅಗಲದ ಅಕ್ಷರ ಸೇರಿರುತ್ತದೆ. ಬರೀ ಕೋಡ್ ನೋಡಿ ಜೋಡಿಸುವ ಡೇಟಾಬೇಸ್‌ಗೆ ಅದು ಎಲ್ಲ ಕನ್ನಡ ಅಕ್ಷರಗಳಿಗಿಂತ ದೊಡ್ಡದು. ಹಾಗಾಗಿ ರಾಜ್ಯಶ್ರೀ ಮೊದಲು ಬಂದು ರಾಜ್‌ಕಿರಣ್ ಅವಳ ನಂತರ ಹೋಗುತ್ತಾನೆ. ಪೋಸ್ಟ್‌ಗ್ರೆಸ್‌ನಲ್ಲಿ ಆರ್ಡರ್ ಬೈ ಹೆಸರು ಕೊಲೇಟ್ "ಕೆಎನ್-ಎಕ್ಸ್-ಐಸಿಯು" ಎಂದು ಬರೆದರೆ ಈ ಕಾಣದ ಅಕ್ಷರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 10ನೇ ಆವೃತ್ತಿಯಿಂದ ಇದು ಸಿಗುತ್ತದೆ.

ಎರಡನೆಯದು, ಒಂದೇ ಅಕ್ಷರಕ್ಕೆ ಎರಡು ಬರವಣಿಗೆ. ಗೋ ಎಂಬುದರ ಓತ್ವ ಮತ್ತು ದೀರ್ಘವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ಬಿಡಿ ಚಿಹ್ನೆಗಳಾಗಿ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ತರಹ. ಆದರೆ ಬಿಡಿಯಾಗಿ ಬರೆದ ಗೋಪಾಲ, ಇಡಿಯಾಗಿ ಬರೆದ ಗೋಕುಲನಿಗಿಂತ ಮುಂಚೆ ಬಂದುಬಿಡುತ್ತಾನೆ. ಹುಡುಕಿದರೂ ಸಿಗುವುದಿಲ್ಲ, ಅದು ಇನ್ನೊಂದು ತಲೆನೋವು. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ನಾರ್ಮಲೈಸ್ ಫಂಕ್ಷನ್ ಇದೆ, ಅದರಲ್ಲಿ ಎನ್‌ಎಫ್‌ಸಿ ಅಂದರೆ ಇಡಿಯಾಗಿ ಬರೆಯುವ ಬಗೆ:

ಅಪ್‌ಡೇಟ್ ಮಕ್ಕಳು ಸೆಟ್ ಹೆಸರು = ನಾರ್ಮಲೈಸ್(ಟ್ರಿಮ್(ಹೆಸರು), ಎನ್‌ಎಫ್‌ಸಿ);

ಟ್ರಿಮ್ ಯಾಕೆಂದರೆ, ಹೆಸರಿನ ಮುಂದೆ ಬಿದ್ದ ಒಂದು ಖಾಲಿ ಜಾಗ ಆ ಮಗುವನ್ನು ಪಟ್ಟಿಯ ತಲೆಗೇ ಕೂರಿಸಬಲ್ಲದು.

ಮೂರನೆಯದು ಇನಿಷಿಯಲ್. ಕೆ. ಸುಮಾ ಎಂದು ಬರೆದಿದ್ದರೆ ಅವಳು ಕಕಾರದಲ್ಲಿ ಹೋಗುತ್ತಾಳೆ, ಸುಮಾ ಕೆ. ಎಂದಿದ್ದರೆ ಸಕಾರದಲ್ಲಿ. ಒಂದೇ ಪಟ್ಟಿಯಲ್ಲಿ ಎರಡೂ ಬಗೆ ಇರುವುದೇ ನಮ್ಮಲ್ಲಿ ಮಾಮೂಲು. ಇದಕ್ಕೆ ಜಾಣ ಆಜ್ಞೆ ಹುಡುಕುತ್ತಾ ಕೂರಬೇಡಿ. ಇನಿಷಿಯಲ್‌ಗೆ ಬೇರೆ ಕಾಲಂ ಮಾಡಿ, ಒಂದು ಸಲ ಕೂತು ತಿದ್ದಿಸಿ.

ಹಳೆಯ ನುಡಿ ಅಥವಾ ಬರಹದ ಫಾಂಟ್ ಕಾಲದ ಡೇಟಾ ಆಗಿದ್ದರೆ ಇದ್ಯಾವುದೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಮಾತ್ರ ಕನ್ನಡ ತೋರಿಸುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಆಮೇಲೆ ಜೋಡಿಸಿ.

ಹೆಸರಿನ ಬದಲು ಅಕ್ಷರವಾಗಿ ಬರೆದಿಟ್ಟ ಅಂಕಿಗಳ ಮೇಲೆ ಜೋಡಿಸುವಾಗಲೂ ಎಚ್ಚರ ಬೇಕು. ಸರ್ವೆ ನಂಬರ್‌ಗಳನ್ನೇ ನೋಡಿ: 12/1 ಆದಮೇಲೆ 12/10 ಬರುತ್ತದೆ, 12/2 ಆಮೇಲೆ. ಸರ್ವೆ ನಂಬರ್ ಒಂದು ಕಾಲಂ, ಹಿಸ್ಸಾ ಒಂದು ಕಾಲಂ ಮಾಡಿದರೆ ಸರಿಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಾದರೆ ಅಂಕಿಯ ಬೆಲೆ ನೋಡಿ ಜೋಡಿಸುವ ಕೊಲೇಷನ್ (ಜೋಡಣೆಯ ನಿಯಮ) ನಾವೇ ಮಾಡಿಕೊಳ್ಳಬಹುದು. ಅದರ ಲೊಕೇಲ್ ಹೆಸರು ತಮಾಷೆಯಾಗಿದೆ: "ಕೆಎನ್-ಯು-ಕೆಎನ್-ಟ್ರೂ". ಮೊದಲ ಕೆಎನ್ ಕನ್ನಡ, ಎರಡನೆಯ ಕೆಎನ್ ಅಂಕಿಯ ಲೆಕ್ಕ.

ನಾಲ್ಕನೇ ಹೆಜ್ಜೆ: ನಂಬರ್ ಬರೆಯುವುದು

ಮೊದಲು ಒಂದು ನಕಲು ತೆಗೆದಿಡಿ. ಕ್ರಿಯೇಟ್ ಟೇಬಲ್ ಮಕ್ಕಳು_ಹಳೆ ಆ್ಯಸ್ ಸೆಲೆಕ್ಟ್ * ಫ್ರಮ್ ಮಕ್ಕಳು ಅಂದರೆ ಸಾಕು. ಆಮೇಲೆ ಬಿಗಿನ್ ಅಂತ ಶುರುಮಾಡಿ, ಅಪ್‌ಡೇಟ್ ಮಾಡಿ, ಸೆಲೆಕ್ಟ್ ಮಾಡಿ ಕಣ್ಣಾರೆ ನೋಡಿ, ಸರಿ ಅನಿಸಿದರೆ ಕಮಿಟ್, ಇಲ್ಲದಿದ್ದರೆ ರೋಲ್‌ಬ್ಯಾಕ್. ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಮಾತು ನೆನಪಿರಲಿ: ನಡುವೆ ಆಲ್ಟರ್ ಟೇಬಲ್ ಕೊಟ್ಟರೆ ಅದುವರೆಗಿನದ್ದೆಲ್ಲ ತಾನಾಗೇ ಕಮಿಟ್ ಆಗುತ್ತದೆ. ಆಮೇಲೆ ರೋಲ್‌ಬ್ಯಾಕ್ ಅಂದರೆ ಏನೂ ಹಿಂದಕ್ಕೆ ಬರುವುದಿಲ್ಲ.

ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ:

ವಿತ್ ಹೊಸದು ಆ್ಯಸ್ (
ಸೆಲೆಕ್ಟ್ ಐಡಿ, ರೋ_ನಂಬರ್() ಓವರ್ (ಪಾರ್ಟಿಷನ್ ಬೈ ತರಗತಿ, ವಿಭಾಗ ಆರ್ಡರ್ ಬೈ ಹೆಸರು, ಐಡಿ) ಆ್ಯಸ್ ನಂ
ಫ್ರಮ್ ಮಕ್ಕಳು
)
ಅಪ್‌ಡೇಟ್ ಮಕ್ಕಳು ಸೆಟ್ ರೋಲ್ = ಹೊಸದು.ನಂ
ಫ್ರಮ್ ಹೊಸದು
ವೇರ್ ಮಕ್ಕಳು.ಐಡಿ = ಹೊಸದು.ಐಡಿ;

ಪಾರ್ಟಿಷನ್ ಬೈ ಇರುವುದರಿಂದ ಪ್ರತಿ ವಿಭಾಗದಲ್ಲೂ ಎಣಿಕೆ 1ರಿಂದ ಶುರುವಾಗುತ್ತದೆ. ಹೆಣ್ಣುಮಕ್ಕಳದು ಒಂದು ಪಟ್ಟಿ, ಗಂಡುಮಕ್ಕಳದು ಒಂದು ಪಟ್ಟಿ, ಆದರೆ ನಂಬರ್ ಮಾತ್ರ ಮುಂದುವರಿಯಬೇಕು ಅನ್ನುವ ಶಾಲೆಗಳಿವೆ. ಹಾಗಿದ್ದರೆ ಲಿಂಗದ ಕಾಲಂ ಅನ್ನು ಪಾರ್ಟಿಷನ್‌ಗೆ ಸೇರಿಸದೆ ಆರ್ಡರ್ ಬೈನಲ್ಲಿ ಹೆಸರಿಗಿಂತ ಮೊದಲು ಹಾಕಿ.

ಎಸ್‌ಕ್ಯೂಲೈಟ್ 3.33ರಿಂದ ಇದೇ ಆಜ್ಞೆ ನಡೆಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಅಪ್‌ಡೇಟ್ ಜೊತೆ ಫ್ರಮ್ ಇಲ್ಲ, ಜಾಯಿನ್ ಮಾಡಬೇಕು:

ಅಪ್‌ಡೇಟ್ ಮಕ್ಕಳು ಜಾಯಿನ್ ( ಮೇಲಿನ ಅದೇ ಸೆಲೆಕ್ಟ್ ) ಆ್ಯಸ್ ಹೊಸದು
ಆನ್ ಮಕ್ಕಳು.ಐಡಿ = ಹೊಸದು.ಐಡಿ
ಸೆಟ್ ಮಕ್ಕಳು.ರೋಲ್ = ಹೊಸದು.ನಂ;

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇನ್ನೂ ಸುಲಭ. ವಿತ್ ಒಳಗೆ ರೋಲ್ ಕಾಲಂ ಕೂಡ ಸೇರಿಸಿ, ಅಪ್‌ಡೇಟ್ ಹೊಸದು ಸೆಟ್ ರೋಲ್ = ನಂ ಅಂದರೆ ಆಯಿತು. ಹಳೆಯ ಮೈಎಸ್‌ಕ್ಯೂಎಲ್ 5.7ರಲ್ಲೇ ಇನ್ನೂ ಇದ್ದೀರಾದರೆ, @ ಗುರುತಿನ ವೇರಿಯಬಲ್ ಒಂದನ್ನು 0 ಮಾಡಿ, ಅಪ್‌ಡೇಟ್ ನಡೆಯುವಾಗ ಒಂದೊಂದೇ ಏರಿಸುತ್ತಾ ಹೋಗುವ ಹಳೆಯ ಉಪಾಯ ಇದೆ. 8.0ರಲ್ಲಿ ಆ ಉಪಾಯ ಬೇಡ, ಅದನ್ನು ಕೈಬಿಡುವುದಾಗಿ ಮೈಎಸ್‌ಕ್ಯೂಎಲ್ ತಂಡವೇ ಹೇಳಿದೆ.

ಯೂನಿಕ್ ಕಟ್ಟುಪಾಡು ಅಡ್ಡ ಬಂದಾಗ

ಒಂದೇ ವಿಭಾಗದಲ್ಲಿ ಎರಡು ಮಕ್ಕಳಿಗೆ ಒಂದೇ ರೋಲ್ ನಂಬರ್ ಬರಬಾರದು ಅಂತ ತರಗತಿ, ವಿಭಾಗ, ರೋಲ್ ಮೂರರ ಮೇಲೆ ಯೂನಿಕ್ ಹಾಕಿರುತ್ತೀರಿ. ಹಾಕಿರಬೇಕು ಕೂಡ. ಆಗ ಮೇಲಿನ ಆಜ್ಞೆ ಕೊಟ್ಟ ತಕ್ಷಣ ಡೂಪ್ಲಿಕೇಟ್ ಎಂಬ ದೂರು ಬರಬಹುದು. ಎಲ್ಲ ಮುಗಿದ ಮೇಲೆ ನಂಬರ್‌ಗಳು ಬೇರೆಬೇರೆಯಾಗೇ ಇರುತ್ತವೆ ನಿಜ. ಆದರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಮೂರೂ ಒಂದೊಂದು ಸಾಲು ಬರೆದಾಗಲೇ ಪರೀಕ್ಷೆ ಮಾಡುತ್ತವೆ. 5ನ್ನು 6 ಮಾಡುವ ಹೊತ್ತಿಗೆ ಹಳೆಯ 6 ಇನ್ನೂ ಅಲ್ಲೇ ಇರುತ್ತದೆ. ಆರೇಕಲ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಇಡೀ ಆಜ್ಞೆ ಮುಗಿದ ಮೇಲೆ ನೋಡುತ್ತವೆ, ಅಲ್ಲಿ ಈ ತೊಂದರೆ ಇಲ್ಲ.

ಎಲ್ಲ ಕಡೆ ನಡೆಯುವ ಉಪಾಯ, ಎರಡು ಸಲಕ್ಕೆ ಮಾಡುವುದು. ಮೊದಲ ಸಲ ಹೊಸ ನಂಬರನ್ನು ಋಣ ಸಂಖ್ಯೆಯಾಗಿ ಬರೆಯಿರಿ, ಅಂದರೆ ಸೆಟ್ ರೋಲ್ = -ನಂ. ಎಲ್ಲ ಸಾಲುಗಳೂ ಸೊನ್ನೆಯ ಆಚೆ ಹೋದವು. ಎರಡನೇ ಸಲ ಅವನ್ನು ಈಚೆಗೆ ತನ್ನಿ:

ಅಪ್‌ಡೇಟ್ ಮಕ್ಕಳು ಸೆಟ್ ರೋಲ್ = -ರೋಲ್ ವೇರ್ ರೋಲ್ < 0;

ಎರಡೂ ಒಂದೇ ಟ್ರಾನ್ಸಾಕ್ಷನ್ (ಬಿಗಿನ್‌ನಿಂದ ಕಮಿಟ್‌ವರೆಗಿನ ಕಟ್ಟು) ಒಳಗಿರಲಿ. ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂ ಅನ್‌ಸೈನ್ಡ್ ಆಗಿದ್ದರೆ ಋಣ ಸಂಖ್ಯೆ ಹಿಡಿಸುವುದಿಲ್ಲ. ಆಗ 1,00,000 ಸೇರಿಸಿ ದೂರ ತಳ್ಳಿ, ಆಮೇಲೆ ಅಷ್ಟನ್ನೇ ಕಳೆಯಿರಿ. ಕಾಲಂ ಅನ್‌ಸೈನ್ಡ್ ಸ್ಮಾಲ್‌ಇಂಟ್ ಆಗಿದ್ದರೆ ಅದೂ ಆಗದು, 65,535ಕ್ಕೆ ಮಿತಿ ಮುಗಿಯುತ್ತದೆ. ಅಲ್ಲಿ 10,000 ಸಾಕು.

ಪೋಸ್ಟ್‌ಗ್ರೆಸ್‌ನವರಿಗೆ ಇನ್ನೂ ಚೊಕ್ಕ ದಾರಿ ಇದೆ. ಯೂನಿಕ್ ಕಟ್ಟುಪಾಡನ್ನು ಡಿಫರಬಲ್ ಇನಿಷಿಯಲಿ ಇಮ್ಮೀಡಿಯೇಟ್ ಎಂದು ಮಾಡಿಕೊಳ್ಳಿ. ಆಗ ಪರೀಕ್ಷೆ ಆಜ್ಞೆಯ ಕೊನೆಗೆ ಹೋಗುತ್ತದೆ. ಆದರೆ ಬರೀ ಯೂನಿಕ್ ಇಂಡೆಕ್ಸ್ ಮಾಡಿದ್ದರೆ ಇದು ಆಗುವುದಿಲ್ಲ, ಕಾನ್‌ಸ್ಟ್ರೇಂಟ್ ಆಗಿಯೇ ಇರಬೇಕು. ಅಂಥ ಕಾಲಂ ಮೇಲೆ ಬೇರೆ ಟೇಬಲ್‌ನ ಫಾರಿನ್ ಕೀ (ಈ ಟೇಬಲ್‌ನ ಸಾಲನ್ನು ತೋರಿಸುವ ಕಾಲಂ) ನಿಲ್ಲಿಸಲೂ ಆಗುವುದಿಲ್ಲ.

ಒಂದೇ ಸಾಲನ್ನು ಮೇಲಕ್ಕೆ ಎತ್ತುವುದು

ಶಾಲಾ ವಾರ್ಷಿಕೋತ್ಸವದ ಪಟ್ಟಿ ತೆಗೆದುಕೊಳ್ಳಿ. ಕಾರ್ಯಕ್ರಮಗಳು ಎಂಬ ಟೇಬಲ್, ಕ್ರಮ ಎಂಬ ಕಾಲಂ. ಮುಖ್ಯ ಅತಿಥಿಗಳು ಏಳು ಗಂಟೆಗೇ ಹೊರಡಬೇಕಂತೆ. 12ನೆಯದಾಗಿದ್ದ ಬಹುಮಾನ ವಿತರಣೆ 3ಕ್ಕೆ ಬರಬೇಕು. 3ರಿಂದ 11ರವರೆಗಿನವು ಒಂದೊಂದು ಕೆಳಗೆ ಜರುಗಬೇಕು.

ಅಪ್‌ಡೇಟ್ ಕಾರ್ಯಕ್ರಮಗಳು
ಸೆಟ್ ಕ್ರಮ = ಕೇಸ್ ವೆನ್ ಕ್ರಮ = 12 ದೆನ್ 3 ಎಲ್ಸ್ ಕ್ರಮ + 1 ಎಂಡ್
ವೇರ್ ಸಮಾರಂಭ_ಐಡಿ = 5 ಆ್ಯಂಡ್ ಕ್ರಮ ಬಿಟ್ವೀನ್ 3 ಆ್ಯಂಡ್ 12;

ಮುಟ್ಟಿದ್ದು ಹತ್ತೇ ಸಾಲು. 13ರ ನಂತರದ್ದಕ್ಕೆ ಏನೂ ಆಗುವುದಿಲ್ಲ. ಮೇಲಿನಿಂದ ಕೆಳಕ್ಕೆ ಇಳಿಸುವಾಗ ಕೂಡುವ ಬದಲು ಕಳೆಯಿರಿ. ಯೂನಿಕ್ ಇದ್ದರೆ ಋಣ ಸಂಖ್ಯೆಯ ಉಪಾಯವೇ ಇಲ್ಲೂ.

ಇಬ್ಬರು ಶಿಕ್ಷಕರು ಒಂದೇ ಹೊತ್ತಿಗೆ ಎರಡು ಕಡೆಯಿಂದ ಪಟ್ಟಿ ಎಳೆದಾಡಿದರೆ? ಒಬ್ಬರ ಪರದೆಯಲ್ಲಿ 12 ಅಂತ ಇರುವುದು ಅಷ್ಟರಲ್ಲಿ 13 ಆಗಿರಬಹುದು. ಹಾಗಾಗಿ ಟ್ರಾನ್ಸಾಕ್ಷನ್ ಶುರುವಾದ ಕೂಡಲೇ ಆ ಸಮಾರಂಭದ ಸಾಲನ್ನು ಸೆಲೆಕ್ಟ್ ಫಾರ್ ಅಪ್‌ಡೇಟ್ ಮೂಲಕ ಲಾಕ್ ಮಾಡಿ. ಆಮೇಲೆ ಕಾರ್ಯಕ್ರಮದ ಐಡಿ ಹಿಡಿದು ಅದರ ಈಗಿನ ಕ್ರಮ ಎಷ್ಟೆಂದು ಓದಿ, ಆ ಸಂಖ್ಯೆಯನ್ನು ಬಳಸಿ. ಪರದೆ ಕಳಿಸಿದ 12ನ್ನು ನಂಬಬೇಡಿ.

ಪಟ್ಟಿ ಚಿಕ್ಕದಾಗಿದ್ದರೆ, ನೂರರ ಒಳಗೆ ಅನ್ನಿ, ನಾನಾದರೆ ಈ ಜರುಗಿಸುವ ಗೋಜಿಗೇ ಹೋಗುವುದಿಲ್ಲ. ಐಡಿಗಳ ಪೂರ್ತಿ ಪಟ್ಟಿಯನ್ನು ಹೊಸ ಕ್ರಮದಲ್ಲಿ ಪರದೆಯಿಂದಲೇ ತರಿಸಿಕೊಂಡು ಎಲ್ಲದಕ್ಕೂ ಮತ್ತೆ 1, 2, 3 ಬರೆಯುತ್ತೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಅನ್‌ನೆಸ್ಟ್ ಜೊತೆ ವಿತ್ ಆರ್ಡಿನಾಲಿಟಿ ಸೇರಿಸಿದರೆ ಐಡಿಗಳ ಪಟ್ಟಿಗೆ ತಾನಾಗೇ ನಂಬರ್ ಬರುತ್ತದೆ.

ಉದ್ದದ ಪಟ್ಟಿಗೆ ಬೇರೆ ದಾರಿ: ಮೊದಲೇ ಜಾಗ ಬಿಟ್ಟು ನಂಬರ್ ಕೊಡುವುದು. ಹಳೇ ಬೇಸಿಕ್ ಭಾಷೆಯಲ್ಲಿ ಸಾಲುಗಳಿಗೆ 10, 20, 30 ಅಂತ ಕೊಡುತ್ತಿದ್ದದ್ದು ಇದಕ್ಕೇ. 10 ಮತ್ತು 20ರ ನಡುವೆ ಹೊಸದು ಸೇರಿಸಬೇಕಾದರೆ 15 ಕೊಟ್ಟರಾಯಿತು, ಬೇರೆ ಯಾವ ಸಾಲನ್ನೂ ಮುಟ್ಟಬೇಕಿಲ್ಲ. ಆದರೆ 10 ಚಿಕ್ಕ ಅಂತರ. 10ರ ಬೆನ್ನಿಗೇ ಸೇರಿಸುತ್ತಾ ಹೋದರೆ 15, 12, 11 ಆದಮೇಲೆ ಜಾಗ ಮುಗಿಯಿತು, ಮೂರೇ ಸಲ. 1000ದ ಅಂತರ ಇಟ್ಟರೆ ಒಂಬತ್ತು ಸಲ ಬರುತ್ತದೆ. ಜಾಗ ಮುಗಿದಾಗ ಆ ಪಟ್ಟಿಯೊಂದಕ್ಕೆ ಮಾತ್ರ ರೋ_ನಂಬರ್ ಅನ್ನು 1000ದಿಂದ ಗುಣಿಸಿ ಮತ್ತೆ ಬರೆಯಿರಿ. ದಶಮಾಂಶ ಇಟ್ಟು ಅರ್ಧ ಅರ್ಧ ಮಾಡುತ್ತಾ ಹೋಗುವವರೂ ಇದ್ದಾರೆ. ಡಬಲ್ ಬಗೆಯ ಕಾಲಂನಲ್ಲಿ ಅದೂ 50ರ ಆಸುಪಾಸಿಗೆ ಕೈಕೊಡುತ್ತದೆ. ಕೆಲಸಗಳ ಪಟ್ಟಿ ಇಡುವ ಜಿರಾ ತಂತ್ರಾಂಶದಲ್ಲಿ ಕೆಲಸಗಳನ್ನು ಎಳೆದು ಮೇಲೆ ಕೆಳಗೆ ಮಾಡುತ್ತೀರಲ್ಲ, ಅದರ ಹಿಂದಿನ ಲೆಕ್ಸೊರ‍್ಯಾಂಕ್ ಸಂಖ್ಯೆಯ ಬದಲು ಅಕ್ಷರಗಳ ಸರ ಬಳಸುತ್ತದೆ. ಸರವನ್ನು ಉದ್ದ ಮಾಡುತ್ತಾ ಹೋಗಬಹುದಾದ್ದರಿಂದ ಜಾಗ ಬೇಗ ಮುಗಿಯುವುದಿಲ್ಲ.

ಸಾಲು ಅಳಿಸಿದಾಗ ಕ್ರಮವನ್ನು ಒತ್ತೊತ್ತಾಗಿ ಮಾಡುವ ಅಗತ್ಯವೇ ಇಲ್ಲ. 1, 2, 4 ಇದ್ದರೂ ಆರ್ಡರ್ ಬೈ ಸರಿಯಾಗೇ ಜೋಡಿಸುತ್ತದೆ.

ಐಡಿಯನ್ನೇ ಬದಲಿಸಲೇಬೇಕಾದರೆ

ಬೇಡ ಅಂದೆ. ಆದರೂ ಕೆಲವೊಮ್ಮೆ ಬೇಕಾಗುತ್ತದೆ. ಎರಡು ಶಾಲೆಗಳ ಡೇಟಾಬೇಸ್ ಒಂದುಗೂಡಿಸುವಾಗ ಎರಡರಲ್ಲೂ 57 ಇರುತ್ತದೆ, ಒಂದನ್ನು ಬದಲಿಸಲೇಬೇಕು.

ಮೊದಲು ನಕ್ಷೆ ಮಾಡಿ. ಐಡಿ_ನಕ್ಷೆ ಎಂಬ ಟೇಬಲ್, ಅದರಲ್ಲಿ ಹಳೆ ಮತ್ತು ಹೊಸ ಎಂಬ ಎರಡು ಕಾಲಂ. ಕೆಲಸ ಮುಗಿದ ಮೇಲೂ ಇದನ್ನು ಅಳಿಸಬೇಡಿ. ಯಾರೋ ಹಳೆಯ ಮುದ್ರಿತ ಅಂಕಪಟ್ಟಿ ಹಿಡಿದು ಬಂದಾಗ ಇದೇ ಕೈಹಿಡಿಯುವುದು.

ಆಮೇಲೆ ಈ ಐಡಿ ಎಲ್ಲೆಲ್ಲಿ ಬಳಕೆಯಲ್ಲಿದೆ ಹುಡುಕಿ. ಘೋಷಿತ ಫಾರಿನ್ ಕೀಗಳು ಡೇಟಾಬೇಸ್ ತನ್ನ ಬಗ್ಗೆ ತಾನೇ ಇಡುವ ಇನ್ಫರ್ಮೇಷನ್ ಸ್ಕೀಮಾದಲ್ಲಿ ಸಿಗುತ್ತವೆ. ಘೋಷಿಸದೇ ಇರುವುದೇ ನಿಜವಾದ ತೊಂದರೆ. ಮಗುವಿನ ಫೋಟೊ ಫೈಲಿಗೆ 1043 ಅಂತ ಹೆಸರಿಟ್ಟಿರುತ್ತಾರೆ. ಐಡಿ ಕಾರ್ಡಿನ ಕ್ಯೂಆರ್ ಕೋಡ್ ಒಳಗೆ ಅದೇ ನಂಬರ್ ಇರುತ್ತದೆ. ಶುಲ್ಕದ ಲೆಕ್ಕ ಯಾರದೋ ಎಕ್ಸೆಲ್‌ನಲ್ಲಿ ಇರುತ್ತದೆ. ಬೇಸಿಕ್‌ನ ರೀನಂ ಆಜ್ಞೆ ಸಾಲಿನ ನಂಬರ್ ಬದಲಿಸುವಾಗ ಗೋಟು ಪಕ್ಕದ ನಂಬರ್‌ಗಳನ್ನೂ ತಾನೇ ತಿದ್ದುತ್ತಿತ್ತು. ಡೇಟಾಬೇಸ್ ಅಷ್ಟು ಮಾಡಬೇಕಾದರೆ ನೀವು ಫಾರಿನ್ ಕೀಗೆ ಆನ್ ಅಪ್‌ಡೇಟ್ ಕ್ಯಾಸ್ಕೇಡ್ ಎಂದು ಹೇಳಿರಬೇಕು. ಹೇಳಿದ್ದರೆ ಅಂಕಗಳು, ಹಾಜರಿ, ಶುಲ್ಕ ಎಲ್ಲ ಟೇಬಲ್‌ಗಳಲ್ಲೂ ಐಡಿ ಜೊತೆಗೇ ಬದಲಾಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಫಾರಿನ್ ಕೀ ಪರೀಕ್ಷೆಯನ್ನೇ ಆಫ್ ಮಾಡಿ ಬದಲಿಸುವ ಚಾಳಿ ಕೆಲವರಿಗಿದೆ. ಪರೀಕ್ಷೆ ಜೊತೆ ಕ್ಯಾಸ್ಕೇಡ್ ಕೂಡ ನಿಲ್ಲುತ್ತದೆ, ಮತ್ತೆ ಆನ್ ಮಾಡಿದಾಗ ಹಳೆಯ ತಪ್ಪುಗಳನ್ನು ಅದು ಹುಡುಕುವುದಿಲ್ಲ.

ಬದಲಿಸುವ ಆಜ್ಞೆ ಹಿಂದಿನದೇ: ಮೊದಲು -ಹೊಸ, ಆಮೇಲೆ ಧನ ಸಂಖ್ಯೆ.

ಪರಿಶೀಲನೆ ಮಾತ್ರ ಬೇರೆ ತರಹ ಇರಬೇಕು. ಅಂಕಗಳು ಟೇಬಲ್‌ನಲ್ಲಿ ಅಪ್ಪ ಅಮ್ಮ ಇಲ್ಲದ, ಅಂದರೆ ಮಕ್ಕಳು ಟೇಬಲ್‌ನಲ್ಲಿ ಐಡಿಯೇ ಸಿಗದ ಸಾಲು ಇದೆಯೇ ಎಂದು ಲೆಫ್ಟ್ ಜಾಯಿನ್ ಮಾಡಿ ನೋಡಿ, ಸೊನ್ನೆ ಬಂತು ಅಂತ ಖುಷಿಪಡುವವರೇ ಜಾಸ್ತಿ. ಅದು ಸಾಲದು. ಹಳೆಯ 57 ಸುಮಾ, ಹೊಸ 57 ಮಹೇಶ ಆಗಿದ್ದು, ಅಂಕಗಳು ಮಾತ್ರ 57ರಲ್ಲೇ ಉಳಿದಿದ್ದರೆ ಯಾವ ಸಾಲೂ ಅನಾಥವಲ್ಲ, ಸುಮಾಳ ಅಂಕ ಮಹೇಶನಿಗೆ ಹೋಗಿದೆ ಅಷ್ಟೇ. ಹಾಗಾಗಿ ಬದಲಿಸುವ ಮೊದಲೇ ಐಡಿ ಬದಲಾದರೂ ಬದಲಾಗದ ದಾಖಲಾತಿ ನಂಬರ್ ಮತ್ತು ಅಂಕಗಳ ಒಟ್ಟು ಮೊತ್ತವನ್ನು ಒಂದು ಟೇಬಲ್‌ಗೆ ತೆಗೆದಿಡಿ. ಬದಲಿಸಿದ ಮೇಲೆ ಅದೇ ಲೆಕ್ಕವನ್ನು ಮತ್ತೆ ಮಾಡಿ ಎರಡನ್ನೂ ಎಕ್ಸೆಪ್ಟ್ (ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಸಾಲು ತೋರಿಸುವ ಆಜ್ಞೆ) ಮೂಲಕ ಹೋಲಿಸಿ. ಒಂದು ಸಾಲೂ ಬರಬಾರದು.

ಕೊನೆಗೆ ಎಣಿಕೆಯ ಮುಳ್ಳನ್ನು ಸರಿಯಾದ ಜಾಗಕ್ಕೆ ತನ್ನಿ. ಪೋಸ್ಟ್‌ಗ್ರೆಸ್‌ನಲ್ಲಿ ಇದನ್ನು ಮರೆತರೆ ಮುಂದಿನ ಇನ್ಸರ್ಟ್ ಡೂಪ್ಲಿಕೇಟ್ ಎಂದು ಬೀಳಬಹುದು:

ಸೆಲೆಕ್ಟ್ ಸೆಟ್‌ವಾಲ್(ಪಿಜಿ_ಗೆಟ್_ಸೀರಿಯಲ್_ಸೀಕ್ವೆನ್ಸ್('ಮಕ್ಕಳು', 'ಐಡಿ'), (ಸೆಲೆಕ್ಟ್ ಮ್ಯಾಕ್ಸ್(ಐಡಿ) ಫ್ರಮ್ ಮಕ್ಕಳು));

ಮೈಎಸ್‌ಕ್ಯೂಎಲ್‌ನಲ್ಲಿ ಆಲ್ಟರ್ ಟೇಬಲ್ ಮಕ್ಕಳು ಆಟೋ_ಇನ್‌ಕ್ರಿಮೆಂಟ್ = 1 ಅಂದರೂ ಇನ್ನೋಡಿಬಿ ಜಾಣ, ಈಗಿರುವ ದೊಡ್ಡ ಐಡಿಯ ಮುಂದಿನದಕ್ಕೇ ಹೋಗಿ ನಿಲ್ಲುತ್ತದೆ. ಎಸ್‌ಕ್ಯೂಎಲ್ ಸರ್ವರ್‌ಗೆ ಡಿಬಿಸಿಸಿ ಚೆಕ್‌ಐಡೆಂಟ್ ಇದೆ. ಎಸ್‌ಕ್ಯೂಲೈಟ್‌ನಲ್ಲಿ ಆಟೋಇನ್‌ಕ್ರಿಮೆಂಟ್ ಎಂದು ಬರೆದಿದ್ದರೆ ಮಾತ್ರ ಎಸ್‌ಕ್ಯೂಲೈಟ್_ಸೀಕ್ವೆನ್ಸ್ ಟೇಬಲ್ ತಿದ್ದಬೇಕು.

ಬಿಲ್ ನಂಬರ್: ಇಲ್ಲಿ ಹಾರಲೂಬಾರದು, ತಿದ್ದಲೂಬಾರದು

ಜಿಎಸ್‌ಟಿ ನಿಯಮ 46ರ ಪ್ರಕಾರ ಇನ್‌ವಾಯ್ಸ್ ನಂಬರ್ ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಎರಡು ಸಲ ಬರಬಾರದು. ಆಟೋ ಇನ್‌ಕ್ರಿಮೆಂಟ್ ಹಾರುತ್ತದೆ ಅಂತ ಮೊದಲೇ ನೋಡಿದೆವು. ಗಿರಾಕಿಗೆ ಕೊಟ್ಟ ಬಿಲ್ಲಿಗೆ ಆಮೇಲೆ ರೋ_ನಂಬರ್ ಹಾಕಿ ಹೊಸ ನಂಬರ್ ಕೊಡುವುದಂತೂ ಸಾಧ್ಯವೇ ಇಲ್ಲ. ಹಾಗಾಗಿ ಎಣಿಕೆಗೇ ಒಂದು ಟೇಬಲ್ ಮಾಡಿ:

ಅಪ್‌ಡೇಟ್ ಬಿಲ್_ಎಣಿಕೆ ಸೆಟ್ ಕೊನೆಯದು = ಕೊನೆಯದು + 1
ವೇರ್ ವರ್ಷ = '2025-26'
ರಿಟರ್ನಿಂಗ್ ಕೊನೆಯದು;

ಬಂದ ಸಂಖ್ಯೆಯನ್ನು ಅದೇ ಟ್ರಾನ್ಸಾಕ್ಷನ್‌ನಲ್ಲಿ ಬಿಲ್ಲಿಗೆ ಬರೆಯಿರಿ. ಬಿಲ್ ವಿಫಲವಾದರೆ ಎಣಿಕೆಯೂ ಹಿಂದಕ್ಕೆ ಬರುತ್ತದೆ, ನಂಬರ್ ಸೋರುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ರಿಟರ್ನಿಂಗ್ ಇಲ್ಲ. ಅಲ್ಲಿ ಸೆಟ್ ಕೊನೆಯದು = ಲಾಸ್ಟ್_ಇನ್ಸರ್ಟ್_ಐಡಿ(ಕೊನೆಯದು + 1) ಎಂದು ಬರೆದು, ಆಮೇಲೆ ಸೆಲೆಕ್ಟ್ ಲಾಸ್ಟ್_ಇನ್ಸರ್ಟ್_ಐಡಿ() ಅಂತ ಕೇಳಿ. ಇದಕ್ಕೆ ತೆರಬೇಕಾದ ಬೆಲೆ ಎಂದರೆ ಬಿಲ್‌ಗಳು ಒಂದರ ಹಿಂದೆ ಒಂದು ಕಾಯುತ್ತವೆ. ಆದ್ದರಿಂದ ನಂಬರ್ ತೆಗೆದುಕೊಳ್ಳುವುದನ್ನು ಟ್ರಾನ್ಸಾಕ್ಷನ್‌ನ ತೀರಾ ಕೊನೆಗೆ ಇಡಿ. ರದ್ದಾದ ಬಿಲ್ಲನ್ನು ಡಿಲೀಟ್ ಮಾಡಬೇಡಿ. ಸ್ಥಿತಿ ಎಂಬ ಕಾಲಂನಲ್ಲಿ ರದ್ದು ಎಂದು ಬರೆದರೆ ನಂಬರ್ ತನ್ನ ಜಾಗದಲ್ಲೇ ಇರುತ್ತದೆ.

16 ಅಕ್ಷರದ ಮಿತಿಯನ್ನು ಮೊದಲೇ ಎಣಿಸಿಕೊಳ್ಳಿ. ಮೂರು ಅಕ್ಷರದ ಶಾಖೆ ಗುರುತು, ಒಂದು ಓರೆಗೆರೆ, 2025-26, ಇನ್ನೊಂದು ಓರೆಗೆರೆ, ನಾಲ್ಕು ಅಂಕಿ. ಸರಿಯಾಗಿ 16 ಆಯಿತು, ನೋಡಲೂ ಚೆಂದ. ಆದರೆ 10,000ನೇ ಬಿಲ್ ಬಂದ ದಿನ 17 ಆಗುತ್ತದೆ, ಅದೂ ವರ್ಷದ ನಡುವೆ. ವರ್ಷವನ್ನು 25-26 ಎಂದು ಚಿಕ್ಕದು ಮಾಡಿದರೆ ಅಂಕಿಗೆ ಆರು ಜಾಗ ಸಿಗುತ್ತದೆ. ಈ ಬದಲಾವಣೆಯನ್ನು ಏಪ್ರಿಲ್ 1ಕ್ಕೆ ಮೊದಲೇ ಮಾಡಿಟ್ಟುಕೊಳ್ಳಿ.